ಆಡಿಟ್‌ಗೆ ಮುಂಚೆ ಓದಲು ಒಂದು ಕಾಗದ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮುಂದಿನ ತಿಂಗಳು ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುವ ನಿಮ್ಮ ಕೇಂದ್ರಕ್ಕೆ ಗುಣಮಟ್ಟದ ಆಡಿಟ್ ಇದೆ, ತಯಾರಿ ಸರಿಯಾಗಿದೆಯಾ ನೋಡಿ ಹೇಳಿ ಎಂದು ಪಟ್ಟಿ ಕಳಿಸಿದ್ದೀಯ. ನೋಡಿದೆ. ಪಾಲಿಸಿಗಳನ್ನೆಲ್ಲ ಹೊಸದಾಗಿ ಪ್ರಿಂಟ್ ತೆಗೆಸುವುದು, ಫೈಲುಗಳಿಗೆ ಬಣ್ಣದ ಲೇಬಲ್ ಅಂಟಿಸುವುದು, ಗೋಡೆಗೆ ಪೇಂಟ್ ಮಾಡಿಸುವುದು, ಸಿಬ್ಬಂದಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು. ಪೇಂಟ್ ಮಾಡಿಸು, ಬೇಡ ಅನ್ನುವುದಿಲ್ಲ. ಆದರೆ ಇಷ್ಟುದ್ದದ ಪಟ್ಟಿಯಲ್ಲಿ ನಿಮ್ಮ ಕೇಂದ್ರದಲ್ಲಿ ಇರುವವರ ಮಾತೇ ಇಲ್ಲವಲ್ಲ? ಆಡಿಟರ್ ಬರುವುದು ಅವರಿಗಾಗಿ, ನಿನಗಾಗಿ ಅಲ್ಲ.

ವಿಶ್ವಸಂಸ್ಥೆಯು ಅಂಗವೈಕಲ್ಯ ಇರುವವರ ಹಕ್ಕುಗಳ ಒಡಂಬಡಿಕೆಯನ್ನು 2006ರಲ್ಲಿ ಒಪ್ಪಿಕೊಂಡಿತು. ಅದರ 16ನೇ ವಿಧಿ ಓದು. ಶೋಷಣೆ, ಹಿಂಸೆ ನಡೆಯದಂತೆ ತಡೆಯಬೇಕಾದರೆ ಇಂಥವರಿಗಾಗಿ ನಡೆಯುವ ಎಲ್ಲ ಕೇಂದ್ರಗಳ ಮೇಲೂ ಸ್ವತಂತ್ರ ಸಂಸ್ಥೆಗಳು ಕಣ್ಣಿಡಬೇಕು ಎಂದು ಅಲ್ಲಿದೆ. ಬಾಗಿಲು ಮುಚ್ಚಿದ ಮನೆಗಳಲ್ಲಿ, ಎಲ್ಲಕ್ಕೂ ಇನ್ನೊಬ್ಬರನ್ನೇ ನಂಬಿಕೊಂಡವರಿಗೆ ಏನೇನೋ ಆಗಿದೆ. ಅದಕ್ಕೇ ಈ ಆಡಿಟ್ ಎಲ್ಲ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಆಡಿಟರ್ ಯಾವ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ ಎನ್ನುವುದು ತಾನಾಗಿಯೇ ತಿಳಿಯುತ್ತದೆ.

ಅವರು ಕೆಲಸ ಮಾಡುವ ರೀತಿ ಹೇಳುತ್ತೇನೆ. ಕಾಗದ ಓದುತ್ತಾರೆ, ಕಣ್ಣಾರೆ ನೋಡುತ್ತಾರೆ, ಜನರನ್ನು ಕೇಳುತ್ತಾರೆ. ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ತಾಳೆ ಹಾಕುತ್ತಾರೆ. ಎಲ್ಲ ಫೈಲನ್ನೂ ಓದಲು ಅವರಿಗೆ ಸಮಯ ಇರುವುದಿಲ್ಲ. ಕೆಲವನ್ನು ಮಾತ್ರ ಆರಿಸಿಕೊಂಡು ಒಂದೊಂದರ ಜಾಡು ಹಿಡಿದು ಹೋಗುತ್ತಾರೆ. ಒಬ್ಬರಿಗೆ ನುಂಗುವುದು ಕಷ್ಟ ಎಂದುಕೋ. ನೀರು, ಹಾಲು ಏನೇ ಕೊಟ್ಟರೂ ಮಂದ ಮಾಡಿ ಕೊಡಬೇಕು ಎಂದು ಸ್ಪೀಚ್ ಥೆರಪಿಸ್ಟ್ ಬರೆದಿದ್ದಾರೆ. ಆ ಚೀಟಿ ಫೈಲಿನಲ್ಲಿ ಭದ್ರವಾಗಿದೆ. ಆಡಿಟರ್ ಅಷ್ಟಕ್ಕೇ ನಿಲ್ಲುವುದಿಲ್ಲ. ಅಡುಗೆಯವರಿಗೆ ಗೊತ್ತಾ? ಹೋದ ವಾರ ಸೇರಿದ ಹುಡುಗನಿಗೆ ಯಾರು ಹೇಳಿಕೊಟ್ಟರು? ರಾತ್ರಿ ಬಾಯಾರಿಕೆ ಎಂದರೆ ಲೋಟದಲ್ಲಿ ಏನು ಕೊಡುತ್ತಾರೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಲೇಬಲ್ ಯಾವ ಬಣ್ಣದ್ದಾದರೂ ಪ್ರಯೋಜನವಿಲ್ಲ. ಹಾಗೆ ತಪ್ಪಿದರೆ ಜೀವಕ್ಕೇ ಅಪಾಯ, ಅದನ್ನು ನಿನಗೆ ಬೇರೆ ಹೇಳಬೇಕಾಗಿಲ್ಲ.

ಅದೇ ಕೆಲಸವನ್ನು ಅವರಿಗಿಂತ ಮೊದಲು ನೀನು ಮಾಡು. ಮೂವರ ಫೈಲು ತೆಗೆದುಕೋ. ಚೆನ್ನಾಗಿ ಬರೆದಿಟ್ಟ ಫೈಲುಗಳನ್ನು ಆರಿಸಬೇಡ, ಮನಸ್ಸು ಅತ್ತ ಕಡೆಗೇ ಎಳೆಯುತ್ತದೆ. ಮಾತು ಬಾರದವರು ಒಬ್ಬರು, ಹೊಸದಾಗಿ ಬಂದವರು ಒಬ್ಬರು, ಯಾವಾಗಲೂ ತಕರಾರು ಮಾಡುವವರು ಒಬ್ಬರು. ಫೈಲಿನಿಂದ ಕೋಣೆಗೆ ಹೋಗು, ಕೋಣೆಯಿಂದ ರಾತ್ರಿ ಶಿಫ್ಟಿನವರ ಹತ್ತಿರ ಹೋಗು. ಬರೆದದ್ದಕ್ಕೂ ನಡೆಯುವುದಕ್ಕೂ ಎಲ್ಲಿ ಅಂತರ ಇದೆ ಎಂದು ಒಂದೇ ದಿನದಲ್ಲಿ ಕಾಣುತ್ತದೆ. ನಿನ್ನ ನಿಜವಾದ ಪಟ್ಟಿ ಅಲ್ಲಿಂದ ಶುರು.

ಘಟನೆಗಳ ರಿಜಿಸ್ಟರ್ ಪೂರ್ತಿ ಖಾಲಿ, ದೂರಿನ ಪುಸ್ತಕದಲ್ಲೂ ಒಂದಕ್ಷರ ಇಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಪುಟ್ಟಿ, ಅಷ್ಟು ಜನ ಇರುವ ಕಡೆ ವರ್ಷವಿಡೀ ಯಾರೂ ಜಾರಿ ಬೀಳಲಿಲ್ಲವೇ? ಒಂದು ಮಾತ್ರೆ ಕೂಡ ತಪ್ಪಲಿಲ್ಲವೇ? ಯಾರಿಗೂ ಯಾರ ಮೇಲೂ ಸಿಟ್ಟು ಬರಲಿಲ್ಲವೇ? ಆಡಿಟರ್ ಇದನ್ನು ಒಳ್ಳೆಯ ಸುದ್ದಿ ಎಂದು ಓದುವುದಿಲ್ಲ. ಇಲ್ಲಿ ಬರೆಯುವ ಅಭ್ಯಾಸವೇ ಇಲ್ಲ, ಇಲ್ಲವೇ ದೂರು ಹೇಳಲು ಜನ ಹೆದರುತ್ತಾರೆ ಎಂದು ಓದುತ್ತಾರೆ. ಹತ್ತು ಘಟನೆ ಬರೆದು, ಪ್ರತಿಯೊಂದರ ನಂತರ ಏನು ಬದಲಾಯಿಸಿದೆವು ಎಂದು ತೋರಿಸುವ ಕೇಂದ್ರದ ಮೇಲೆ ನನಗೂ ಜಾಸ್ತಿ ನಂಬಿಕೆ. ಆಸ್ಟ್ರೇಲಿಯಾದಲ್ಲಿ ಅಂಗವೈಕಲ್ಯ ಇರುವವರ ನೆರವಿಗಾಗಿ ಇರುವ ಎನ್‌ಡಿಐಎಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಸಾವು, ಗಂಭೀರ ಗಾಯ, ದೌರ್ಜನ್ಯದಂಥ ಘಟನೆಗಳನ್ನು ತಿಳಿದ 24 ಗಂಟೆಯೊಳಗೆ ಅದರ ಮೇಲೆ ಕಣ್ಣಿಡುವ ಆಯೋಗಕ್ಕೆ ತಿಳಿಸಬೇಕು. ನಿಮಗೆ ಯಾವ ಗಡುವು ಎಂದು ನೋಡಿಕೋ. ಅದು ನಿನಗೆ ಗೊತ್ತಿದ್ದರೆ ಸಾಲದು. ಭಾನುವಾರ ರಾತ್ರಿ ಡ್ಯೂಟಿಯಲ್ಲಿ ಇರುವವರಿಗೂ ಗೊತ್ತಿರಬೇಕು.

ಇನ್ನು ಕಟ್ಟುಪಾಡಿನ ವಿಷಯ, ಅಂದರೆ ಅಲ್ಲಿರುವವರ ಓಡಾಟಕ್ಕೆ, ಸ್ವಾತಂತ್ರ್ಯಕ್ಕೆ ತಡೆ ಹಾಕುವುದು. ಇದರಲ್ಲಿ ಒಳ್ಳೆಯ ಕೇಂದ್ರಗಳೂ ಎಡವುತ್ತವೆ. ಹಗ್ಗದಲ್ಲಿ ಕಟ್ಟಿಹಾಕಿದರೆ ಮಾತ್ರ ಕಟ್ಟುಪಾಡು ಎಂದು ಬಹಳ ಜನ ತಿಳಿದಿದ್ದಾರೆ. ಎನ್‌ಡಿಐಎಸ್ ನಿಯಮಗಳು ಐದು ಬಗೆ ಹೇಳುತ್ತವೆ. ಒಂಟಿಯಾಗಿ ಕೂಡಿಹಾಕುವುದು, ಔಷಧಿಯಿಂದ ಮಂಕು ಮಾಡುವುದು, ಬೆಲ್ಟಿನಂಥ ಸಾಧನದಿಂದ ತಡೆಯುವುದು, ಕೈಯಲ್ಲಿ ಹಿಡಿದು ಅದುಮುವುದು, ಸುತ್ತಲಿನ ಜಾಗಕ್ಕೆ, ವಸ್ತುಗಳಿಗೆ ತಡೆ ಹಾಕುವುದು. ಕೊನೆಯದು ನೋಡು. ಫ್ರಿಜ್‌ಗೆ ಬೀಗ ಹಾಕಿದ್ದೀರಾ? ಅಂಗಳದ ಬಾಗಿಲು ಸಂಜೆ ಆದಮೇಲೆ ತೆರೆಯುವುದಿಲ್ಲವಾ? ವೀಲ್‌ಚೇರ್ ಬೆಲ್ಟ್ ಬೆನ್ನು ನೆಟ್ಟಗೆ ಇರಲಿ ಎಂದು ಹಾಕಿದರೆ ಒಂದು ಮಾತು, ಎದ್ದು ಓಡಾಡದಿರಲಿ ಎಂದು ಹಾಕಿದರೆ ಬೇರೆಯೇ ಮಾತು. ಪವರ್ ವೀಲ್‌ಚೇರ್ ಅನ್ನು "ಸ್ವಲ್ಪ ಹೊತ್ತು" ಆಫ್ ಮಾಡುವುದೂ ಅಷ್ಟೇ, ಅವರ ಕಾಲು ಕಟ್ಟಿದ ಹಾಗೆಯೇ. ಇಂಥದ್ದು ಏನೇನು ಇದೆ ಎಂದು ಕೇಂದ್ರವಿಡೀ ಒಂದು ಸುತ್ತು ಹಾಕಿ ಬರೆ. ಪ್ರತಿಯೊಂದಕ್ಕೂ ಯಾರು ಒಪ್ಪಿಗೆ ಕೊಟ್ಟರು, ಮತ್ತೆ ಯಾವಾಗ ಪರಿಶೀಲಿಸಿದರು ಎಂದು ಕೇಳು. ಉತ್ತರ ಇಲ್ಲದ್ದನ್ನು ಆಡಿಟ್‌ಗೆ ಕಾಯದೆ ಇವತ್ತೇ ಡಾಕ್ಟರ್, ಕುಟುಂಬ, ಮುಖ್ಯವಾಗಿ ಆ ವ್ಯಕ್ತಿಯ ಜೊತೆ ಕೂತು ಮಾತಾಡು.

ನೀನು ಕಳಿಸಿದ ಫೋಟೋದಲ್ಲಿ ಪೇಂಟ್ ಚೆನ್ನಾಗಿ ಕಾಣುತ್ತಿದೆ. ಹಿಂದಿನ ಬೋರ್ಡಿನಲ್ಲಿ ಒಬ್ಬರ ಹೆಸರು, ಅವರ ಮಾತ್ರೆ, ಡೈಪರ್ ಬದಲಿಸುವ ಸಮಯ ಕೂಡ ಚೆನ್ನಾಗಿ ಕಾಣುತ್ತಿದೆ. ಆ ಬೋರ್ಡನ್ನು ಇವತ್ತೇ ಒಳಗೆ, ಸಿಬ್ಬಂದಿ ಮಾತ್ರ ನೋಡುವ ಜಾಗಕ್ಕೆ ಹಾಕು. ನನಗೂ ಅಂಥ ಫೋಟೋ ಕಳಿಸಬೇಡ.

ಹಿಂದಿನ ತಾರೀಖು ಹಾಕಿ ಸಹಿ ಮಾಡಿಸುವ ಯೋಚನೆ ಯಾರಾದರೂ ತಂದರೆ ಅಲ್ಲೇ ನಿಲ್ಲಿಸು. ಆರು ತಿಂಗಳ ಹಾಳೆಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ, "ದಿನ ಚೆನ್ನಾಗಿತ್ತು" ಎಂಬ ಒಂದೇ ವಾಕ್ಯದಲ್ಲಿ ಇದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ಅದು ಸುಳ್ಳೇ. ಎರಡು ತಿಂಗಳು ಪರಿಶೀಲನೆ ತಪ್ಪಿತ್ತಾ? ತಪ್ಪಿತ್ತು ಎಂದು ಇವತ್ತಿನ ತಾರೀಖಿನಲ್ಲಿ ಬರೆ. ಮುಂದೆ ತಪ್ಪದಂತೆ ಏನು ಮಾಡಿದೆ ಎಂದೂ ಬರೆ. ತನ್ನ ಕೊರತೆಯನ್ನು ತಾನೇ ಹಿಡಿಯುವ ಕೇಂದ್ರಕ್ಕೆ ಆಡಿಟರ್ ಗೌರವ ಕೊಡುತ್ತಾರೆ.

ಈಗ ನಿಮ್ಮಲ್ಲಿ ಇರುವವರ ಮಾತಿಗೆ ಬರುತ್ತೇನೆ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ, ಏನು ಕೇಳಬಹುದು ಎಂದು ಅವರಿಗೆ ಮೊದಲೇ ತಿಳಿಸು. ಗುರುತಿಲ್ಲದವರು ಇದ್ದಕ್ಕಿದ್ದಂತೆ ಕೋಣೆಗೆ ನುಗ್ಗಿದರೆ ಕೆಲವರಿಗೆ ಇಡೀ ವಾರ ಕೆಡುತ್ತದೆ. ಓದಲು ಬಾರದವರಿಗೆ ಚಿತ್ರದಲ್ಲಿ ತೋರಿಸು. ಮಾತಾಡಲು ಇಷ್ಟ ಇಲ್ಲ, ನನ್ನ ಫೈಲು ತೋರಿಸಬೇಡಿ ಎನ್ನುವ ಹಕ್ಕು ಅವರಿಗಿದೆ ಎಂದು ಸ್ಪಷ್ಟವಾಗಿ ಹೇಳು. ಮಾತು ಬಾರದವರು ಚಿತ್ರದ ಬೋರ್ಡು, ಸನ್ನೆ, ಟ್ಯಾಬ್ಲೆಟ್ ಬಳಸುವುದಿದ್ದರೆ ಅದು ಆ ದಿನ ಚಾರ್ಜ್ ಆಗಿ ಕೈಗೆ ಸಿಗುವಂತಿರಲಿ. ಜೊತೆಗೆ ಯಾರು ಕೂರಬೇಕು ಎಂದು ಅವರೇ ಹೇಳಲಿ. ನೀನಂತೂ ಕೂರಬೇಡ. ಮ್ಯಾನೇಜರ್ ಬಾಗಿಲ ಬಳಿ ನಿಂತಿದ್ದರೆ ಯಾರು ಬಾಯಿ ಬಿಡುತ್ತಾರೆ?

ಉತ್ತರ ಮಾತ್ರ ಹೇಳಿಕೊಡಬೇಡ. ಒಂದು ಕಡೆ ನಾನು ಹೋಗಿದ್ದಾಗ ಮಾತಾಡಿಸಿದ ಎಲ್ಲರೂ "ಇಲ್ಲಿ ಎಲ್ಲ ತುಂಬಾ ಚೆನ್ನಾಗಿದೆ" ಎಂದು ಒಂದೇ ರಾಗದಲ್ಲಿ ಹೇಳಿದರು. ಆಮೇಲೆ ನಾನು ಜಾಸ್ತಿ ಹೊತ್ತು ಅಲ್ಲೇ ಕೂತೆ. "ಅವಳು ಸ್ನಾನದ ನೀರು ತಣ್ಣಗೆ ಹಾಕ್ತಾಳೆ" ಎಂದು ನಿಮ್ಮಲ್ಲಿ ಯಾರಾದರೂ ಹೇಳಿದರೆ ಹೇಳಲಿ ಬಿಡು. ಹೇಳುವ ಧೈರ್ಯ ಅವರಿಗಿದೆ ಎನ್ನುವುದೂ ನಿಮ್ಮ ಕೇಂದ್ರದ ಗುಣಮಟ್ಟದ ಲೆಕ್ಕಕ್ಕೇ ಬರುತ್ತದೆ.

ಸಿಬ್ಬಂದಿಗೂ ಅಷ್ಟೇ, ಬಾಯಿಪಾಠ ಬೇಡ. "ನನಗೆ ನೆನಪಿಲ್ಲ, ಇಲ್ಲಿ ನೋಡಿ ಹೇಳುತ್ತೇನೆ" ಎಂದು ಸರಿಯಾದ ಫೈಲು ತೆರೆದರೆ ಅದು ಒಳ್ಳೆಯ ಉತ್ತರ. ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್, ಬೆಂಕಿ ಆರಿಸುವ ಸಿಲಿಂಡರ್, ಇವೆಲ್ಲದರ ಅವಧಿ ಮುಗಿದಿದೆಯಾ ಎಂದು ಒಂದು ಸಲ ನೋಡು. ಅದು ಒಂದು ಮಧ್ಯಾಹ್ನದ ಕೆಲಸ.

ಒಂದೆರಡು ಎನ್‌ಸಿ, ಅಂದರೆ ನಿಯಮಕ್ಕೆ ಹೊಂದುತ್ತಿಲ್ಲ ಎಂಬ ಆಕ್ಷೇಪಣೆ, ಬಂದರೆ ಅಳುತ್ತಾ ಫೋನ್ ಮಾಡಬೇಡ. ಆಡಿಟರ್ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಮುಕ್ತಾಯದ ಸಭೆಯಲ್ಲೇ ದಾಖಲೆ ತೋರಿಸಿ ಹೇಳು, ಜಗಳ ಬೇಡ. ಸರಿಯಾಗೇ ಹಿಡಿದಿದ್ದರೆ ಕಾರಣ ಹುಡುಕು. ಎಲ್ಲದಕ್ಕೂ "ಸಿಬ್ಬಂದಿಗೆ ತರಬೇತಿ ನೀಡಲಾಗಿದೆ" ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಔಷಧಿ ಚಾರ್ಟಿನಲ್ಲಿ ಸಂಜೆಯ ಸಹಿ ಮಾತ್ರ ತಪ್ಪುತ್ತಿದೆ ಎಂದರೆ ಅಲ್ಲಿ ತರಬೇತಿಯ ಕೊರತೆ ಇರಲಿಕ್ಕಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೇ ಮಾತ್ರೆಯ ಹೊತ್ತೂ ಬಂದಿರುತ್ತದೆ, ಹೋಗುವವರು ಬರುವವರು ಕೊಡುತ್ತಾರೆ ಅಂದುಕೊಂಡಿರುತ್ತಾರೆ. ಆಗ ಶಿಫ್ಟಿನ ಸಮಯವನ್ನು ಅರ್ಧ ಗಂಟೆ ಸರಿಸಿದರೆ ಸರಿಹೋಗುತ್ತದೆ.

ವರದಿ ಬಂದ ಮೇಲೆ ಅದರಲ್ಲಿ ಏನಿದೆ ಎಂದು ನಿಮ್ಮಲ್ಲಿ ಇರುವವರಿಗೂ ಅವರಿಗೆ ತಿಳಿಯುವ ಹಾಗೆ ಹೇಳು. ಬಹಳ ಕಡೆ ಅದು ಆಫೀಸಿನ ಬೀರು ಸೇರಿಬಿಡುತ್ತದೆ. ಆ ಮೂರು ಫೈಲುಗಳ ಕೆಲಸ ಈ ವಾರವೇ ಮುಗಿಸು. ಸಿಕ್ಕಿದ್ದನ್ನು ಹೆಸರು ಬಿಟ್ಟು ಬರೆದು ಕಳಿಸು, ಯಾವುದನ್ನು ಮೊದಲು ಸರಿಮಾಡಬೇಕು ಎಂದು ಕೂತು ನೋಡೋಣ.

ಇತಿ ನಿನ್ನ
ದೊಡ್ಡಮ್ಮ