ಹೆಸರು ಹೇಳದೆ ಹೋದ ಅಣ್ಣನಿಗೆ

ಶಿವಮೊಗ್ಗದ ಗುಜರಿ ಅಂಗಡಿ ಮುಂದೆ ನಮ್ಮ ಹಳೇ ಯೆಜ್ಡಿ ಬೈಕಿನ ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕ್ ನೋಡಿ, ಕೇಳದೆಯೇ ನಿಂತು ಹೇಳಿಕೊಟ್ಟಿರಲ್ಲ ಅಣ್ಣಾ, ನಿಮಗೆ ದೊಡ್ಡ ನಮಸ್ಕಾರ.

ಟ್ಯಾಂಕಿಗೆ ಆಸಿಡ್ ಬೇಡವೇ ಬೇಡ ಅಂದಿರಿ. ಪೆಟ್ರೋಲ್ ಬಿಡುವ ಕಾಕ್ ಬಿಚ್ಚಿ, ತೂತು ಮುಚ್ಚಿ, ಬಿಳಿ ವಿನೆಗರ್ ಕಂಠಮಟ್ಟ ತುಂಬಿ 24 ಗಂಟೆ ಇಟ್ಟೆವು. ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿದರೆ ಡಿಕಾಕ್ಷನ್ ಬಣ್ಣದ ನೀರು, ಅದರಲ್ಲಿ ಹಕ್ಕಳೆ ಹಕ್ಕಳೆ ತುಕ್ಕು! ಆಮೇಲೆ ಲೀಟರ್ ನೀರಿಗೆ 2 ಚಮಚ ಅಡುಗೆ ಸೋಡಾ ಹಾಕಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ತಕ್ಷಣ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬೆರೆಸಿದ ಪೆಟ್ರೋಲ್ ಒಳಗೆಲ್ಲ ಆಡಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಹಸಿ ತಗಡು ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ.

ಅದಕ್ಕಿಂತ ದೊಡ್ಡ ಉಪಕಾರ ಕ್ರ್ಯಾಂಕ್ ಸೀಲಿನ, ಅಂದರೆ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಸೋರದಂತೆ ಕೂರುವ ರಬ್ಬರ್ ಬಳೆಯ, ಮಾತು. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ರಬ್ಬರ್ ಗಟ್ಟಿಯಾಗಿ ಡೈನಮೋ ಕಡೆಯಿಂದ ಗಾಳಿ ಎಳೆಯುತ್ತದೆ, ಪೆಟ್ರೋಲ್ ಸಾಲದೆ ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಸುಟ್ಟು ದಟ್ಟ ಬಿಳಿ ಹೊಗೆ. ಎರಡೂ ಬದಲಿಸಿದೆವು. ಹಿಂದೆ ಯಾರೋ ಗಾಳಿ ಸೋಸುವ ಏರ್ ಬಾಕ್ಸ್ ಕಿತ್ತು ಕೋನ್ ಫಿಲ್ಟರ್ ಕೂರಿಸಿ ಗಾಳಿ ಹೆಚ್ಚಾಗಿದ್ದರಿಂದ, ನೀವಂದಂತೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆವು.

ಗಾಡಿ ಮಂಡಗದ್ದೆ ತನಕ ಹೋಗಿ ಬಂತು ಅಣ್ಣಾ. ಪೆಟ್ರೋಲ್ ಸಾಲದೆ ಬಿಳುಚಿಕೊಂಡಿದ್ದ ಸ್ಪಾರ್ಕ್ ಪ್ಲಗ್ ಈಗ ಒಳ್ಳೆ ಕಂದು ಬಣ್ಣಕ್ಕೆ ಬಂದಿದೆ, ಸಿಕ್ಕರೆ ಬಿಚ್ಚಿ ತೋರಿಸುತ್ತೇವೆ.