ಬ್ಯಾಟರಿ ಸುರಕ್ಷತೆಯ ಹೊಣೆ ಕಾರ್ಖಾನೆಯೊಳಗೇ ಇರಲಿ

ಮಾನ್ಯ ಸಂಪಾದಕರೇ,

ಪವರ್ ಬ್ಯಾಂಕ್‌ನಂತಹ ಲಿಥಿಯಂ ಬ್ಯಾಟರಿ ಸಾಧನಗಳನ್ನು ತಯಾರಿಸುವ ಕೆಲವು ಸಣ್ಣ ಉದ್ಯಮಗಳು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಕಡ್ಡಾಯ ನೋಂದಣಿಯ ಕೆಲಸವನ್ನು ಪೂರ್ತಿಯಾಗಿ ಏಜೆಂಟರಿಗೆ ಒಪ್ಪಿಸಿ ನಿಶ್ಚಿಂತವಾಗಿರುವುದು ಕಳವಳಕಾರಿ. ಪರೀಕ್ಷೆಯು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೇ ನಡೆಯಬೇಕೆಂಬುದು ನಿಜ. ಆದರೆ ಸೆಲ್‌ಗಳ ವಿಷಯದಲ್ಲಿ ಐಎಸ್ 16046 ಎಂಬ ಭಾರತೀಯ ಸುರಕ್ಷತಾ ಮಾನದಂಡ ಏನನ್ನು ಕೇಳುತ್ತದೆ ಎಂಬುದನ್ನು ವಿನ್ಯಾಸ ಮಾಡುವ ಎಂಜಿನಿಯರೇ ಅರಿತಿರಬೇಕು. ಪರೀಕ್ಷಾ ವರದಿ ಕೈಸೇರಿದ ಮೇಲೆ ಖರೀದಿ ವಿಭಾಗವು ನಾಲ್ಕು ಕಾಸು ಉಳಿಸಲು ಬೇರೆ ಕಂಪನಿಯ ಸೆಲ್ ತರಿಸಿದರೆ, ಅಥವಾ ಅತಿಯಾಗಿ ಚಾರ್ಜ್ ಆಗುವುದನ್ನು ತಡೆಯುವ ಸರ್ಕಿಟ್‌ನ ಒಂದು ಬಿಡಿಭಾಗ ಬದಲಾದರೆ, ಪರೀಕ್ಷೆಗೊಳಗಾದ ಸಾಧನವೇ ಬೇರೆ, ಗ್ರಾಹಕರು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಸಾಧನವೇ ಬೇರೆ ಎಂದಾಗುತ್ತದೆ. ಹೊರಗಿನ ಏಜೆಂಟರಿಗೆ ಇದರ ಸುಳಿವೂ ಸಿಗದು. ಇಂತಹ ಬದಲಾವಣೆಗಳನ್ನು ಪರಿಶೀಲಿಸಿ, ಅಗತ್ಯವಿದ್ದರೆ ಉತ್ಪಾದನೆಯನ್ನೇ ತಡೆಯುವ ಅಧಿಕಾರವುಳ್ಳ ಒಬ್ಬರನ್ನಾದರೂ ಪ್ರತಿ ಕಾರ್ಖಾನೆ ನೇಮಿಸಿಕೊಳ್ಳಬೇಕು. ಅವರ ತರಬೇತಿಗೆ ಕೈಗಾರಿಕಾ ಸಂಘಗಳು ಬಿಐಎಸ್ ಜೊತೆ ಕೈಜೋಡಿಸಲಿ.

– ಒಬ್ಬ ಎಂಜಿನಿಯರ್, ಬೆಂಗಳೂರು