ಗಂಡುಮಗುವಿನ ಈ ತೊಂದರೆಯನ್ನು ಹೆರಿಗೆ ವಾರ್ಡಿನಲ್ಲೇ ನೋಡಿ

ಸಂಪಾದಕರಿಗೆ ನಮಸ್ಕಾರ.

ಹುಟ್ಟಿನಿಂದ ಬರುವ ಸೀಳುತುಟಿ, ವಕ್ರಪಾದ, ಹೃದಯದ ರಂಧ್ರದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಗಂಡುಮಕ್ಕಳಲ್ಲಿ ಸುಮಾರು 300ಕ್ಕೆ ಒಬ್ಬರಿಗೆ ಬರುವ ಹೈಪೋಸ್ಪೇಡಿಯಾಸ್ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಇರುವ ಜಾಗವೇ ಅಂಥದ್ದು. ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿ ಎಲ್ಲೋ ತೆರೆದಿರುತ್ತದೆ. ಕೆಲವರಿಗೆ ಶಿಶ್ನ ಬಾಗಿಯೂ ಇರುತ್ತದೆ. ನನಗೆ ಇದು ಇತ್ತು, ನಮ್ಮಕ್ಕನ ಮಗನಿಗೂ ಇತ್ತು. ಅವನಿಗೆ ವರ್ಷ ತುಂಬುವುದರೊಳಗೆ ಆಪರೇಷನ್ ಆಯಿತು, ನನಗೆ ಆದದ್ದು ಮದುವೆ ಮಾತು ಶುರುವಾದ ಮೇಲೆ.

ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯಿತೆಂದು ನಮ್ಮಮ್ಮ ಕೊನೆಯವರೆಗೂ ಕೊರಗಿದರು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭದ ಮೊದಲ ಕೆಲವು ತಿಂಗಳಲ್ಲಿ ಮೂತ್ರನಾಳ ಕೂಡಿಕೊಳ್ಳಬೇಕಾದದ್ದು ಪೂರ್ತಿ ಕೂಡಿರುವುದಿಲ್ಲ, ಅಷ್ಟೆ. ಮನೆತನದಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಶಾಲೆಯಲ್ಲಿ ಬೆಲ್ ಹೊಡೆದಾಗ ಹುಡುಗರೆಲ್ಲ ಗೋಡೆ ಕಡೆ ಓಡಿದರೆ ನಾನು ಬೇಲಿ ಹಿಂದೆ ಹೋಗಿ ಕೂರುತ್ತಿದ್ದೆ. ನಿಂತರೆ ಚಡ್ಡಿಯೆಲ್ಲ ಒದ್ದೆ.

ಆಪರೇಷನ್ ಆದ ಮೇಲೆ ಅಕ್ಕನ ಮಗನನ್ನು ಮನೆಗೆ ಕಳಿಸುವಾಗ ನರ್ಸು ಅವನಿಗೆ ಎರಡು ಡೈಪರ್ ಹಾಕಿದ್ದರು. ಒಳಗಿನದಕ್ಕೆ ತೂತು ಮಾಡಿ ಅದರ ಮೂಲಕ ಸಣ್ಣ ಪೈಪನ್ನು ಹೊರಗಿನದಕ್ಕೆ ಬಿಟ್ಟಿದ್ದರು. ಮೂತ್ರವೆಲ್ಲ ಹೊರಗಿನ ಡೈಪರಿಗೆ, ಗಾಯ ಒಣಗಿಕೊಂಡೇ ಇರುತ್ತಿತ್ತು. ಈಗ ಅವನು ಶಾಲೆಗೆ ಹೋಗುತ್ತಾನೆ. ಆಪರೇಷನ್ ಆದ ನೆನಪೇ ಅವನಿಗಿಲ್ಲ.

ನನ್ನದು ಹಾಗಾಗಲಿಲ್ಲ. ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ ಬಿಟ್ಟು, ಪಂಚೆಯೊಳಗೆ ಮೂತ್ರದ ಚೀಲ ಸಿಕ್ಕಿಸಿಕೊಂಡು ಮನೆಯಲ್ಲಿ ಕುಳಿತಿದ್ದೆ. ದೊಡ್ಡವರಿಗೆ ನಿದ್ದೆಯಲ್ಲಿ ತಾನಾಗಿ ಆಗುವ ನಿಮಿರುವಿಕೆ ಹೊಲಿಗೆಯನ್ನು ಜಗ್ಗುತ್ತದೆ. ಅದಕ್ಕೆ ಮಾತ್ರೆ ಕೊಡುತ್ತಾರೆ, ಆದರೂ ಪೂರ್ತಿ ತಡೆಯಲಾಗದು. ಸೋಂಕಾಯಿತು, ಹೊಲಿಗೆ ಬಿಟ್ಟು ಪಕ್ಕದಲ್ಲಿ ಇನ್ನೊಂದು ತೂತು ಬಿತ್ತು, ಅಲ್ಲಿಂದ ತೊಟ್ಟಿಕ್ಕತೊಡಗಿತು. ಇದನ್ನು ಫಿಸ್ಟುಲಾ ಅನ್ನುತ್ತಾರೆ, ಮಕ್ಕಳಿಗೂ ಆಗುತ್ತದೆ. ಚರ್ಮ ಮೆತ್ತಗಾಗಲು ಕನಿಷ್ಠ ಆರು ತಿಂಗಳು ಕಾಯಬೇಕೆಂದು ಹೇಳಿ, ಆಮೇಲೆ ಮುಚ್ಚಿದರು. ಈಗ ಸರಿಯಾಗಿದ್ದೇನೆ, ಮಕ್ಕಳೂ ಇದ್ದಾರೆ.

ದೊಡ್ಡವರಲ್ಲಿ ತೊಡಕು ಹೆಚ್ಚೆಂದೇ ಬಹಳಷ್ಟು ವೈದ್ಯರ ಅನುಭವ. ಆದರೆ ರಂಧ್ರ ತುದಿಗೆ ಹತ್ತಿರವಿದ್ದು, ಮೊದಲ ಸಲದ ಆಪರೇಷನ್ ಆಗಿದ್ದರೆ ದೊಡ್ಡವರಿಗೂ ಚೆನ್ನಾಗಿ ಕೂಡಿಕೊಳ್ಳುತ್ತದೆ. ನಿಜವಾಗಿ ಕಷ್ಟವಾಗುವುದು ಚಿಕ್ಕಂದಿನಲ್ಲಿ ಎರಡು ಮೂರು ಸಲ ಮಾಡಿಸಿ ಕೆಟ್ಟು, ದೊಡ್ಡವರಾದ ಮೇಲೆ ಮತ್ತೆ ಬರುವವರಿಗೆ. ಅಲ್ಲಿ ಒಳ್ಳೆಯ ಚರ್ಮವೇ ಉಳಿದಿರುವುದಿಲ್ಲ. ಬಾಯಿಯ ಒಳಗೆನ್ನೆಯ ಪದರ ತೆಗೆದು ಎರಡು ಹಂತದಲ್ಲಿ ನಾಳ ಕಟ್ಟಬೇಕಾಗುತ್ತದೆ. ಹಾಗಾಗಿ ಬೇಗ ಮಾಡಿಸುವುದರಷ್ಟೇ ಕೈ ಪಳಗಿದವರಿಂದ ಮಾಡಿಸುವುದೂ ಮುಖ್ಯ. ಮಗುವಿಗೆ 6ರಿಂದ 18 ತಿಂಗಳು ಒಳ್ಳೆಯ ವಯಸ್ಸು.

ನಮ್ಮೂರಿನ ಮುಸ್ಲಿಂ ಮನೆಗಳವರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ: ಈ ತೊಂದರೆ ಇರುವ ಮಗುವಿಗೆ ಆಪರೇಷನ್ ಮುಗಿಯುವವರೆಗೆ ಸುನ್ನತಿ ಮಾಡಿಸಬೇಡಿ. ನಾಳ ಕಟ್ಟಲು, ಹೊದಿಸಲು ಬೇಕಾಗುವುದು ಆ ಮುಂದೊಗಲೇ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ಹುಟ್ಟುದೋಷಗಳೆಂದು 9ನ್ನು ಗುರುತಿಸಿದ್ದಾರೆ. ಆ ಪಟ್ಟಿಯಲ್ಲಿ ಇದಿಲ್ಲ. ಪಟ್ಟಿ ಬದಲಾಗುವವರೆಗೆ ಕಾಯಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಮಗುವನ್ನು ತೂಕಕ್ಕೆ ಹಾಕುವ ಸಿಸ್ಟರ್ ಒಮ್ಮೆ ಕೆಳಗೆ ನೋಡಿ, ಎರಡೂ ವೃಷಣ ಇಳಿದಿವೆಯೇ ಎಂದೂ ಮುಟ್ಟಿ ನೋಡಿ, ತಾಯಿ ಕಾರ್ಡಿನಲ್ಲಿ ಬರೆದರೆ ಸಾಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ನಮಗೆ ದೂರವೇನಲ್ಲ.

ನನ್ನಂತೆ ವಯಸ್ಸಿಗೆ ಬಂದವರು ಯೂರಾಲಜಿ ಡಾಕ್ಟರಿಗೆ ತೋರಿಸಿ. ಧಾರೆ ನೆಟ್ಟಗಿದ್ದು, ಬಾಗು ಇಲ್ಲದೆ ತೊಂದರೆಯೂ ಇಲ್ಲದಿದ್ದರೆ ಆಪರೇಷನ್ ಬೇಡವೆಂದೇ ಹೇಳಬಹುದು. ಚಿಕ್ಕಂದಿನಲ್ಲಿ ಆಪರೇಷನ್ ಆಗಿದ್ದರೆ ಹಳೆಯ ಕಾಗದ ಎಷ್ಟೇ ಹರಿದಿರಲಿ, ಜೊತೆಗೆ ಒಯ್ಯಿರಿ. ಎಲ್ಲಿಯ ಚರ್ಮ ತೆಗೆದಿದ್ದಾರೆಂಬುದು ಅದರಲ್ಲಿರುತ್ತದೆ.

— ಒಬ್ಬ ರೀಲರ್, ಶಿಡ್ಲಘಟ್ಟ
(ಮಕ್ಕಳು ಓದುವ ವಯಸ್ಸಿನವರು, ದಯವಿಟ್ಟು ನನ್ನ ಹೆಸರು ಹಾಕಬೇಡಿ)